ಚಿತ್ರಗಾರ ಸಹೋದರ ಅಂತೋನಿಯೊ ಮೊಸ್ಕೇನಿಯವರ ಚರಿತ್ರೆ



ದೇವರ ಸೇವೆ ಎಂದ ಕೂಡಲೆ ಪ್ರಸಂಗಪೀಠದಲ್ಲಿ ನಿಂತು ಬೋಧಿಸುವವರೂ ಊರೂರು ತಿರುಗಿ ಸುವಾರ್ತೆಯನ್ನು ಸಾರುವವರೂ ಮಾತ್ರ ನಮ್ಮ ನೆನಪಿಗೆ ಬರುವದುಂಟು. ಕೈಕೆಲಸದಿಂದ ಜೀವಿಸುವ ಜನರು ತಮ್ಮ ಕಸಬು ಹೊಟ್ಟೆಪಾಡಿಗೆ ಸಲ್ಲುವದೇ ಹೊರತು ಕರ್ತನ ಸೇವೆಗೆ ಸಲ್ಲುವಂಥದಲ್ಲವೆಂದು ಎಣಿಸಿಕೊಂಡಿರುತ್ತಾರೆ. ಈ ಎಣಿಕೆ ಸರಿಯಲ್ಲವೆಂಬದಕ್ಕೆ ನಮ್ಮ ಕನ್ನಡ ನಾಡಿನ ಕರಾವಳಿಯಲ್ಲಿಯೇ ಒಂದು ಸಾಕ್ಷಿಯುಂಟು. ಮಂಗಳೂರು ಪಟ್ಟಣದ ದೀಪಸ್ತಂಭದ ಗುಡ್ಡದ ಮೇಲೆ ಸೇಂಟ್ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವಿದೆ. ಹೊರಗಿನಿಂದ ನೋಡಿದರೆ ಅದು ಇತರ ದೇವಾಲಯಗಳ ಹಾಗೆಯೇ ಕಾಣುವದು. ಒಳಗೆ ಕಾಲಿಟ್ಟು ತಲೆಯೆತ್ತಿದವನಾದರೋ ಗೋಡೆ, ಕಮಾನು, ಮಾಳಿಗೆ ಎಲ್ಲವೂ ಚಿತ್ರಗಳಿಂದ ತುಂಬಿರುವದನ್ನು ಕಂಡು ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲುವನು. ಇವುಗಳನ್ನು ಬರೆದವರು ಪಾದ್ರಿಯಲ್ಲ, ಬೋಧಕರೂ ಅಲ್ಲ. ಇಟಲಿ ದೇಶದಿಂದ ಬಂದ ಒಬ್ಬ ಚಿತ್ರಗಾರರು. ಅವರ ಹೆಸರು ಅಂತೋನಿಯೊ ಮೊಸ್ಕೇನಿ. ಇವರು ರೋಮನ್ ಕಥೋಲಿಕ ಸಭೆಗೆ ಸೇರಿದವರು. ನಮ್ಮ ಸಭೆಗೂ ಅವರ ಸಭೆಗೂ ಹಲವು ವಿಷಯಗಳಲ್ಲಿ ಭೇದವುಂಟು. ಆದರೂ ಒಳ್ಳೇದನ್ನು ಎಲ್ಲಿ ಕಂಡರೂ ಅದನ್ನು ಒಳ್ಳೇದೆಂದು ಒಪ್ಪುವದು ನಮಗೆ ತಕ್ಕದ್ದಾದದರಿಂದ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇವೆ.

ಹುಟ್ಟಿದ ಊರೂ ಕಲಿತ ವಿದ್ಯೆಯೂ

ಇಟಲಿ ದೇಶದ ಉತ್ತರ ಭಾಗದಲ್ಲಿ ಲೊಂಬಾರ್ದಿ ಎಂಬ ಸೀಮೆಯುಂಟು. ಅಲ್ಲಿ ಬೆರ್ಗಮೊ ಎಂಬ ಹಳೆಯ ಪಟ್ಟಣದ ಹತ್ತಿರವಿರುವ ಸ್ಟೆಝಾನೊ ಎಂಬ ಊರಿನಲ್ಲಿ 1854ನೆಯ ಇಸವಿ ಜನವರಿ ತಿಂಗಳಲ್ಲಿ ಮೊಸ್ಕೇನಿಯವರು ಹುಟ್ಟಿದರು. ಬೆರ್ಗಮೊ ಪಟ್ಟಣದಲ್ಲಿ ಜಾಕೋಮೊ ಕರ್ರಾರ ಎಂಬ ಶ್ರೀಮಂತನು ತನ್ನ ಆಸ್ತಿಯನ್ನು ಕೊಟ್ಟು ಸ್ಥಾಪಿಸಿದ ಚಿತ್ರಶಾಲೆಯೊಂದಿತ್ತು. ಮೊಸ್ಕೇನಿಯವರು ಆ ಶಾಲೆಗೆ ಸೇರಿ ಎನ್ರಿಕೊ ಸ್ಕೂರಿ ಎಂಬ ಗುರುವಿನ ಕೈಕೆಳಗೆ ರೇಖೆ ಎಳೆಯುವದನ್ನೂ ಬಣ್ಣ ಬೆರಸುವದನ್ನೂ ಮನುಷ್ಯನ ಮುಖವನ್ನೂ ದೇಹವನ್ನೂ ಸರಿಯಾದ ಅಳತೆಯಲ್ಲಿ ಬರೆಯುವದನ್ನೂ ಕಲಿತರು. ಆಮೇಲೆ ರೋಮಾಪುರಕ್ಕೆ ಹೋಗಿ ಅಲ್ಲಿಯ ದೊಡ್ಡ ದೊಡ್ಡ ದೇವಾಲಯಗಳಲ್ಲಿಯೂ ವಾತಿಕನದಲ್ಲಿಯೂ ಇರುವ ಹಿಂದಿನವರ ಕೃತಿಗಳನ್ನು ಅಭ್ಯಾಸ ಮಾಡಿದರು.

ಇವರು ಯಾವ ಪರಂಪರೆಯಲ್ಲಿ ಬೆಳೆದವರೆಂಬದನ್ನು ತಿಳಿಯಬೇಕಾದರೆ ಹಿಂದಿನ ಸಂಗತಿಯನ್ನು ಸ್ವಲ್ಪ ಹೇಳಬೇಕು. ಹದಿನಾರನೆಯ ಶತಮಾನದಲ್ಲಿ ಸಭೆಯ ಸುಧಾರಣೆ ನಡೆದಾಗ ಚಿತ್ರಗಳ ವಿಷಯದಲ್ಲಿ ದೊಡ್ಡ ವಿವಾದ ಎದ್ದಿತು. ಸ್ವಿಟ್ಸರ್ಲೆಂಡ್ ದೇಶದ ಝೂರಿಕ್ ಪಟ್ಟಣದಲ್ಲಿ 1524ರಲ್ಲಿ ದೇವಾಲಯಗಳೊಳಗಿನ ಚಿತ್ರಗಳನ್ನೂ ಪ್ರತಿಮೆಗಳನ್ನೂ ತೆಗೆದುಬಿಟ್ಟು ಗೋಡೆಗಳಿಗೆ ಸುಣ್ಣ ಬಳಿದರು. ಮಾರ್ಟಿನ್ ಲೂಥರನಾದರೋ ಅವುಗಳನ್ನು ಬಲಾತ್ಕಾರದಿಂದ ಒಡೆಯುವದನ್ನು ಒಪ್ಪಲಿಲ್ಲ. ಬೋಧಿಸುವದಕ್ಕೆ ಚಿತ್ರಗಳು ಉಪಯುಕ್ತವೆಂದು ಆತನ ಅಭಿಪ್ರಾಯ. ರೋಮಿನ ಸಭೆಯವರು 1563ರಲ್ಲಿ ತ್ರೆಂತ್ ಎಂಬಲ್ಲಿ ಕೂಡಿ, ಚಿತ್ರಗಳು ಇರಬೇಕು, ಆದರೆ ಅವು ಓದುಬಾರದ ಜನರಿಗೆ ಬೋಧೆಯಾಗುವಂತೆ ಇರಬೇಕು ಎಂದು ನಿಶ್ಚಯಿಸಿದರು. ಇದರ ತರುವಾಯ, ಅಂದರೆ 1600ರ ಸುಮಾರಿನಿಂದ, ಬರೋಕ್ ಎಂಬ ಹೊಸ ರೀತಿಯು ಇಟಲಿಯಲ್ಲಿ ಹುಟ್ಟಿ ಯೂರೋಪಿನಲ್ಲೆಲ್ಲಾ ಹಬ್ಬಿತು. ಈ ರೀತಿಯ ಚಿತ್ರಗಾರರು ದಟ್ಟವಾದ ಕತ್ತಲೆಯ ನಡುವೆ ಬೆಳಕು ಬಿದ್ದ ಹಾಗೆ ಬಣ್ಣ ಹಾಕಿ, ನೋಡುವವನ ಮನಸ್ಸು ಕರಗುವಂತೆ ಕಥೆಯನ್ನು ಕಣ್ಣೆದುರಿಗೆ ನಿಲ್ಲಿಸುತ್ತಿದ್ದರು. ಅವರೊಳಗೆ ಹೆಸರಾದ ಕಾರವಾಜ್ಜೊ ಎಂಬವನು (1571–1610) ಅಪೊಸ್ತಲರನ್ನು ಹರಕು ಅಂಗಿಯ, ಧೂಳು ಮೆತ್ತಿದ ಕಾಲಿನ ಬಡವರನ್ನಾಗಿಯೇ ಬರೆದನು. ಅವನಿಗೆ ಆ ಹೆಸರು ಬಂದದ್ದು ಬೆರ್ಗಮೊ ಸೀಮೆಯ ಕಾರವಾಜ್ಜೊ ಎಂಬ ಊರಿನಿಂದಲೇ. ಬೆರ್ಗಮೊ ಪಟ್ಟಣದಲ್ಲಿ ಫ್ರಾ ಗಲ್ಗಾರಿಯೊ (1655–1743) ಎಂಬ ಸನ್ಯಾಸಿಯೂ ಜನರ ಮುಖಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುವದರಲ್ಲಿ ಪ್ರಸಿದ್ಧನಾಗಿದ್ದನು. ಪ್ರೊಟೆಸ್ಟಂಟ್ ದೇಶವಾದ ಹಾಲೆಂಡಿನಲ್ಲಿ ರೆಂಬ್ರಾಂಟನು (1606–1669) ಸತ್ಯವೇದದ ಕಥೆಗಳನ್ನು ಬರೆದದ್ದು ದೇವಾಲಯಗಳಿಗಾಗಿ ಅಲ್ಲ, ಹೆಚ್ಚಾಗಿ ಮನೆಗಳಿಗಾಗಿ. ಹೀಗೆ ಸಭೆಗಳು ಬೇರೆ ಬೇರೆಯಾದರೂ ಒಂದೇ ಸುವಾರ್ತೆಯ ಕಥೆಯನ್ನು ಎರಡು ಕಡೆಯವರೂ ಬರೆದರು.

ಇನ್ನೊಬ್ಬನ ಹೆಸರನ್ನೂ ಇಲ್ಲಿ ಹೇಳಬೇಕು. ಆಂದ್ರೆಯ ಪೊಝ್ಝೊ (1642–1709) ಎಂಬವನು ಯೇಸು ಸಭೆ ಎಂಬ ಸನ್ಯಾಸಿಗಳ ಸಂಘದಲ್ಲಿ ಸಾಮಾನ್ಯ ಸಹೋದರನಾಗಿದ್ದನು. ರೋಮಾಪುರದ ಒಂದು ದೇವಾಲಯದಲ್ಲಿ ಗುಮ್ಮಟ ಕಟ್ಟದೆ ಹೋದದರಿಂದ ಆತನು 1685ರಲ್ಲಿ ದೊಡ್ಡ ಬಟ್ಟೆಯ ಮೇಲೆ ಗುಮ್ಮಟದ ಚಿತ್ರವನ್ನೇ ಬರೆದು ಮೇಲೆ ಕಟ್ಟಿಸಿದನು. ಕೆಳಗೆ ಗುರುತು ಮಾಡಿದ ಸ್ಥಳದಲ್ಲಿ ನಿಂತು ನೋಡಿದರೆ ಅದು ನಿಜವಾದ ಗುಮ್ಮಟವೆಂದೇ ಕಣ್ಣಿಗೆ ತೋರುವದು. ಇನ್ನೂರು ವರುಷಗಳಾದ ಮೇಲೆ ಅದೇ ಸಂಘದಲ್ಲಿ ಅದೇ ಸಾಮಾನ್ಯ ಸಹೋದರನ ಪದವಿಯಲ್ಲಿ ಮೊಸ್ಕೇನಿಯವರು ಆ ವಿದ್ಯೆಯನ್ನು ಕನ್ನಡ ನಾಡಿಗೆ ತಂದರು.

ಹೆಸರನ್ನು ಬಿಟ್ಟು ಸೇವೆಗೆ ಬಂದದ್ದು

ಮೂವತ್ತೈದು ವರುಷ ಪ್ರಾಯವಾಗುವ ಹೊತ್ತಿಗೆ ಮೊಸ್ಕೇನಿಯವರ ಕೈ ಪಳಗಿತ್ತು. ಚಿತ್ರ ಬರೆಸಿಕೊಂಡು ಹಣ ಕೊಡುವ ಶ್ರೀಮಂತರೂ ಚಿತ್ರಗಳ ಪ್ರದರ್ಶನಗಳೂ ಆ ದೇಶದಲ್ಲಿ ಕಡಿಮೆಯಿರಲಿಲ್ಲ. ಇವರಾದರೋ 1889ರಲ್ಲಿ ಎಲ್ಲವನ್ನೂ ಬಿಟ್ಟು ಯೇಸು ಸಭೆಯನ್ನು ಸೇರಿದರು. ಆ ಸಂಘದಲ್ಲಿ ಗುರುಪಟ್ಟ ಪಡೆದ ಪಾದ್ರಿಗಳಲ್ಲದೆ ಅಡಿಗೆ, ಹೊಲಿಗೆ, ಬಡಿಗತನ, ತೋಟದ ಕೆಲಸ ಮುಂತಾದವುಗಳನ್ನು ಮಾಡುವ ಸಹೋದರರೂ ಇರುವರು. ಇವರಿಗೆ ಸ್ವಂತ ಆಸ್ತಿಯಿಲ್ಲ, ಸಂಸಾರವಿಲ್ಲ, ಹಿರಿಯರು ಹೋಗೆಂದಲ್ಲಿಗೆ ಹೋಗುವದೇ ನಿಯಮ. ಮೊಸ್ಕೇನಿಯವರು ಈ ಸಹೋದರರಲ್ಲಿ ಒಬ್ಬರಾಗಿ ನಿಂತರು. ಆ ದಿನದಿಂದ ಅವರು ಬರೆದ ಯಾವ ಚಿತ್ರಕ್ಕೂ ಅವರ ಕೈಗೆ ಕೂಲಿ ಬರಲಿಲ್ಲ. ಯಾವ ಊರಿನಲ್ಲಿ ಬರೆಯಬೇಕೆಂಬದೂ ಅವರ ಇಚ್ಛೆಯಾಗಿರಲಿಲ್ಲ. ಇಟಲಿಯ ಪಿಯಾಚೆನ್ಸ, ಮೊಡೆನ ಎಂಬ ಊರುಗಳಲ್ಲಿಯೂ ಕ್ರೊಯೇಶಿಯ, ಅಲ್ಬೇನಿಯ ಎಂಬ ನೆರೆಯ ಸೀಮೆಗಳಲ್ಲಿಯೂ ದೇವಾಲಯಗಳಿಗೆ ಚಿತ್ರಗಳನ್ನು ಬರೆದ ಮೇಲೆ, ಸಮುದ್ರ ದಾಟಿ ಹಿಂದೂದೇಶಕ್ಕೆ ಹೋಗಬೇಕೆಂದು ಅಪ್ಪಣೆಯಾಯಿತು. ಆಗ ಅವರಿಗೆ ನಾಲ್ವತ್ತನಾಲ್ಕು ವರುಷ.

ಮಂಗಳೂರಿಗೆ ಬಂದದ್ದು

ಆ ಕಾಲಕ್ಕೆ ನಮ್ಮ ಬಳ್ಳಾರಿ ಜಿಲ್ಲೆಯ ಹಾಗೆ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸ್ ಆಧಿಪತ್ಯಕ್ಕೆ ಸೇರಿತ್ತು. ಮಂಗಳೂರಿನಲ್ಲಿ ನಮ್ಮ ಪ್ರೊಟೆಸ್ಟಂಟ್ ಸಭೆಯ ಕೆಲಸ 1834ರಲ್ಲಿ ಬಾಸೆಲ್ ಮಿಶನಿನವರಿಂದ ಪ್ರಾರಂಭವಾಗಿತ್ತು. ಅವರ ಹೆಂಚಿನ ಕಾರ್ಖಾನೆಯೂ ಅಚ್ಚುಕೂಟವೂ ಹೆಸರಾಗಿದ್ದವು; ಕಿಟೆಲ್ ಪಂಡಿತರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಇಟಲಿಯ ಯೇಸು ಸಭೆಯವರು 1878ನೆಯ ಇಸವಿಯ ಕಡೆಯ ದಿನ ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜನ್ನು ತೆರೆದು, ಆ ದಶಕದಲ್ಲಿಯೇ ಅದರ ಪ್ರಾರ್ಥನಾಲಯವನ್ನು ಕಟ್ಟಿಸಿದರು. ಹೀಗೆ ಒಂದೇ ಪಟ್ಟಣದಲ್ಲಿ ಒಬ್ಬರು ಅಕ್ಷರಗಳಿಂದಲೂ ಒಬ್ಬರು ಬಣ್ಣಗಳಿಂದಲೂ ತಮ್ಮ ತಮ್ಮ ಕೆಲಸವನ್ನು ಮಾಡುತ್ತಿದ್ದರು. ಮೊಸ್ಕೇನಿಯವರು 1898ರ ಸುಮಾರಿಗೆ ಅಲ್ಲಿಗೆ ಬಂದು 1899ರಿಂದ 1901ರ ವರೆಗೆ ಈ ಪ್ರಾರ್ಥನಾಲಯದಲ್ಲಿ ಚಿತ್ರ ಬರೆದರು.

ಹಸಿ ಗಾರೆಯ ಮೇಲಿನ ಕೆಲಸ

ಈ ಕೆಲಸದ ಕ್ರಮವನ್ನು ನಮ್ಮ ವಾಚಕರು ಸುಲಭವಾಗಿ ತಿಳಿದುಕೊಳ್ಳಬಹುದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಕಡೆಗಳಲ್ಲಿ ಮನೆಗೆ ಸುಣ್ಣ ಬಳಿಯುವವರಿಗೆ ಸುಣ್ಣದ ಗುಣ ತಿಳಿಯದೆ ಇಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕುದಿದು ಅರಳುವದು. ಹೀಗೆ ಅರಳಿಸಿದ ಸುಣ್ಣವನ್ನು ಬಹು ದಿನ ನೆನೆಯಲು ಬಿಟ್ಟು, ಮರಳಿನೊಂದಿಗೆ ಕಲಸಿ ಗಾರೆ ಮಾಡಿ ಗೋಡೆಗೆ ತೆಳ್ಳಗೆ ಮೆತ್ತುವರು. ಗಾರೆ ಇನ್ನೂ ಹಸಿಯಾಗಿರುವಾಗಲೇ, ಮಣ್ಣು ಕಲ್ಲುಗಳನ್ನು ಅರೆದು ನೀರಿನಲ್ಲಿ ಕದಡಿದ ಬಣ್ಣವನ್ನು ಅದರ ಮೇಲೆ ಹಚ್ಚುವರು. ಸುಣ್ಣವು ಒಣಗುತ್ತಾ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವದು. ಬಣ್ಣವೂ ಆ ಕಲ್ಲಿನೊಳಗೆ ಸೇರಿಕೊಳ್ಳುವದು. ಆದದರಿಂದಲೇ ಇಂಥ ಚಿತ್ರಗಳು ನೂರಾರು ವರುಷ ನಿಲ್ಲುವವು.

ಆದರೆ ಈ ಕೆಲಸದಲ್ಲಿ ಒಂದು ಕಷ್ಟವುಂಟು. ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಾರೆಯನ್ನು ಮೆತ್ತಬೇಕು. ಅದು ಒಣಗುವದರೊಳಗೆ ಬರೆದು ಮುಗಿಸಬೇಕು. ತಪ್ಪಿದರೆ ಒರಸಿ ತಿದ್ದುವ ಹಾಗಿಲ್ಲ. ಆ ಭಾಗದ ಗಾರೆಯನ್ನೆಲ್ಲಾ ಕೆತ್ತಿ ತೆಗೆದು ಮಾರಣೆಯ ದಿನ ಮೊದಲಿನಿಂದ ಆರಂಭಿಸಬೇಕು. ಮೇಲೂ, ಸುಣ್ಣದ ಖಾರಕ್ಕೆ ತಡೆಯುವ ಬಣ್ಣಗಳು ಕೆಲವೇ. ಹಸಿ ಗಾರೆಯಲ್ಲಿ ಒಂದು ತರವಾಗಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುವದರಿಂದ, ನಾಳೆ ಹೇಗೆ ಕಂಡೀತೆಂದು ಇಂದೇ ಎಣಿಸಿ ಬರೆಯಬೇಕು. ಇದೆಲ್ಲವನ್ನೂ ಎತ್ತರವಾದ ಅಟ್ಟಣಿಗೆಯ ಮೇಲೆ ನಿಂತು ಮಾಡಬೇಕು. ಮಂಗಳೂರಿನಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗೆ ಬೀಳುವ ಮಳೆ ನಮ್ಮ ಬಯಲುಸೀಮೆಯಲ್ಲಿ ನಾಲ್ಕೈದು ವರುಷ ಬೀಳುವ ಮಳೆಗೆ ಸಮಾನವಾದದ್ದು. ಗಾಳಿಯೇ ನೀರಾಗಿರುವ ಅಂಥ ಊರಿನಲ್ಲಿ ಗಾರೆ ಆರುವ ವೇಳೆಯನ್ನು ಲೆಕ್ಕ ಹಾಕುವದು ಎಷ್ಟು ಕಷ್ಟವೆಂಬದನ್ನು ಗಾರೆಕೆಲಸದವರು ಬಲ್ಲರು. ಮೇಲಿನ ಮಾಳಿಗೆಯ ಚಿತ್ರಗಳನ್ನಾದರೋ ಮೊಸ್ಕೇನಿಯವರು ದಪ್ಪ ಬಟ್ಟೆಯ ಮೇಲೆ ಎಣ್ಣೆಯ ಬಣ್ಣದಿಂದ ಬರೆದರು.

ಆ ಗೋಡೆಗಳಲ್ಲಿ ಇರುವದೇನು

ಯೇಸು ಸ್ವಾಮಿಯ ಜನನ, ಯೊರ್ದಾನಿನಲ್ಲಿ ಆತನು ಹೊಂದಿದ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ಮಕ್ಕಳನ್ನು ಹತ್ತಿರ ಕರೆದದ್ದು, ಶಿಲುಬೆಯ ಮರಣ, ಇವು ಆ ಆಲಯದ ಚಿತ್ರಗಳಲ್ಲಿ ಮುಖ್ಯವಾದವು. ಅಪೊಸ್ತಲರ ಆಕೃತಿಗಳೂ ಅಲ್ಲಿ ಸಾಲಾಗಿ ಇವೆ. ಒಬ್ಬೊಬ್ಬರ ಮುಖವೂ ಬೇರೆ ಬೇರೆ. ಒಂದೇ ಅಚ್ಚಿನಲ್ಲಿ ತೆಗೆದ ಹಾಗಿಲ್ಲ. ಕಂಬ, ಕಮಾನು, ಹೂವಿನ ತೋರಣಗಳೂ ಕೆತ್ತಿದ ಹಾಗೆ ಕಾಣುತ್ತವೆ. ಮುಟ್ಟಿ ನೋಡಿದರೆ ಬರೀ ಬಣ್ಣ. ಇದು ಮೇಲೆ ಹೇಳಿದ ಬರೋಕ್ ಚಿತ್ರಗಾರರಿಂದ ಬಂದ ವಿದ್ಯೆ.

ಮಾಳಿಗೆಯ ಚಿತ್ರಗಳಲ್ಲಿ ಯಾರ ಹೆಸರಿನಿಂದ ಆ ಕಾಲೇಜು ಇದೆಯೋ ಆ ಅಲೋಶಿಯಸ್ ಗೊನ್ಸಾಗನ ಕಥೆಯಿದೆ. ಈತನು 1568ರಲ್ಲಿ ಇಟಲಿಯ ಒಂದು ಪಾಳೆಯಪಟ್ಟಿನ ಹಿರಿಯ ಮಗನಾಗಿ ಹುಟ್ಟಿದವನು. ದೊರೆತನ ತನ್ನದಾಗಬೇಕಾಗಿದ್ದರೂ ಅದನ್ನು 1585ರಲ್ಲಿ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು. 1591ರಲ್ಲಿ ರೋಮಾಪುರದಲ್ಲಿ ಸಾಂಕ್ರಾಮಿಕ ರೋಗ ಹುಟ್ಟಿ, ಜನರು ಬೀದಿಗಳಲ್ಲಿ ಬಿದ್ದು ಸಾಯುತ್ತಿರುವಾಗ, ಈತನು ರೋಗಿಗಳನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತಂದು ಉಪಚರಿಸಿ, ಅದೇ ರೋಗ ತನಗೂ ತಗಲಿ ಜೂನ್ 21ರಂದು ಇಪ್ಪತ್ತಮೂರು ವರುಷ ಪ್ರಾಯದಲ್ಲಿಯೇ ತೀರಿಹೋದನು.

ಮೊಸ್ಕೇನಿಯವರು ಈ ರೋಗಿಗಳ ಸೇವೆಯ ಚಿತ್ರವನ್ನು ಬರೆದ ಕಾಲವನ್ನು ವಾಚಕರು ಗಮನಿಸಬೇಕು. ಬೊಂಬಾಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರು ಮೈಸೂರುಗಳಿಗೂ ಬಂದಿತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದು, ಹೆತ್ತವರ ಹೆಣವನ್ನು ಮುಟ್ಟಲು ಮಕ್ಕಳು ಅಂಜಿದ್ದು, ಇವೆಲ್ಲಾ ಆ ಕಾಲದ ಕನ್ನಡ ನಾಡಿನ ಸಂಗತಿಗಳು. ಅಂಥ ದಿನಗಳಲ್ಲಿ ಆ ಆಲಯಕ್ಕೆ ಬಂದ ವಿದ್ಯಾರ್ಥಿಗೆ ಮುನ್ನೂರು ವರುಷಗಳ ಹಿಂದಿನ ರೋಮಾಪುರದ ಚಿತ್ರವು ಹಳೆಯ ಕಥೆಯಾಗಿ ಕಾಣಲಾರದು. ನೆರೆಯವನ ಮನೆಯಲ್ಲಿ ರೋಗ ಬಿದ್ದರೆ ನೀನು ಬಾಗಿಲು ಮುಚ್ಚುವಿಯೋ ತೆರೆಯುವಿಯೋ ಎಂದು ಅದು ಮೇಲಿನಿಂದ ಕೇಳಿದಂತೆಯೇ ಸರಿ. 2020ರಲ್ಲಿ ಕೊರೋನ ರೋಗ ಹಬ್ಬಿದಾಗ ಈ ಪ್ರಶ್ನೆ ನಮ್ಮ ಊರುಗಳಿಗೂ ಬಂದದ್ದನ್ನು ನಾವು ಬಲ್ಲೆವು.

ಚಿತ್ರಗಳ ವಿಷಯದಲ್ಲಿ ಒಂದು ಮಾತು

ಇದನ್ನು ಓದುವವರಲ್ಲಿ ಕೆಲವರು, ಚಿತ್ರಗಳಿಗೆ ಕೈಮುಗಿಯುವದನ್ನು ಬಿಟ್ಟುಬಂದ ನಮಗೆ ಚಿತ್ರಗಾರನ ಚರಿತ್ರೆ ಏಕೆಂದು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ನಮ್ಮ ಹಿರಿಯರು ವಿಗ್ರಹಗಳನ್ನು ಬಿಟ್ಟದ್ದು ಸುಲಭದಲ್ಲಿ ಅಲ್ಲ. ಅದಕ್ಕಾಗಿ ಬಂಧುಬಳಗವನ್ನೂ ಊರ ಬಾವಿಯ ನೀರನ್ನೂ ಕಳಕೊಂಡವರುಂಟು. ಬಣ್ಣದಿಂದ ಮಾಡಿದ್ದಕ್ಕೆ ದೇವರಿಗೆ ಸಲ್ಲತಕ್ಕ ಮಾನವನ್ನು ಕೊಡುವದು ನಮಗೆ ಸಲ್ಲದು. ಇದರಲ್ಲಿ ಎರಡು ಮಾತಿಲ್ಲ. ಆದರೂ ಬೋಧಿಸುವ ಚಿತ್ರ ಒಂದು, ಆರಾಧಿಸುವ ಚಿತ್ರ ಇನ್ನೊಂದು. ನಮ್ಮ ಉಪದೇಶಿಗಳೇ ಕೇರಿಗಳಲ್ಲಿ ಬೇವಿನ ಮರಕ್ಕೆ ಚಿತ್ರಪಟವನ್ನು ತೂಗಹಾಕಿ, ದುಂದುಗಾರನಾದ ಮಗನ ಕಥೆಯನ್ನೂ ಕುರುಬನ ಕಥೆಯನ್ನೂ ತೋರಿಸಿ ಹೇಳುತ್ತಿದ್ದದುಂಟು. ಆ ಪಟಕ್ಕೆ ಯಾರೂ ಅಡ್ಡಬೀಳಲಿಲ್ಲ. ಅದನ್ನು ನೋಡಿ ಕಥೆಯನ್ನು ನೆನಪಿಟ್ಟರು. ಸ್ವಾಮಿಯು ತಾನೇ ಬಿತ್ತುವವನು, ದ್ರಾಕ್ಷೇತೋಟ, ಕಳೆದ ಕುರಿ ಎಂದು ಮಾತಿನಿಂದಲೇ ಚಿತ್ರ ಬರೆದು ಜನರಿಗೆ ಬೋಧಿಸಿದನಲ್ಲವೇ? ಚಿತ್ರವು ಕಣ್ಣನ್ನು ತನ್ನ ಮೇಲೆಯೇ ನಿಲ್ಲಿಸಿಕೊಂಡರೆ ಅದು ಉರುಲು. ಕಣ್ಣನ್ನು ಕರ್ತನ ಕಡೆಗೆ ತಿರುಗಿಸಿದರೆ ಅದು ಕೈಮರ. ಈ ಭೇದವನ್ನು ಬಲ್ಲವನು ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ.

ಕಡೆಯ ಕೆಲಸವೂ ಮರಣವೂ

ಮಂಗಳೂರಿನ ಕೆಲಸ ಮುಗಿದ ಮೇಲೆ ಮೊಸ್ಕೇನಿಯವರು ಸ್ವದೇಶಕ್ಕೆ ಮರಳಲಿಲ್ಲ. ಅದೇ ಪಟ್ಟಣದ ಜೆಪ್ಪುವಿನಲ್ಲಿರುವ ಗುರುಮಠದ ದೇವಾಲಯದಲ್ಲಿಯೂ, ಕಲ್ಲಿಕೋಟೆಯಲ್ಲಿಯೂ, ಬೊಂಬಾಯಿಯ ಪವಿತ್ರ ನಾಮದ ದೇವಾಲಯದಲ್ಲಿಯೂ ಚಿತ್ರಗಳನ್ನು ಬರೆದರು. ಕಡೆಗೆ ಕೊಚ್ಚಿಯಲ್ಲಿ ಸಾಂತಾ ಕ್ರೂಜ್, ಅಂದರೆ ಪವಿತ್ರ ಶಿಲುಬೆ, ಎಂಬ ದೊಡ್ಡ ದೇವಾಲಯಕ್ಕೆ ಕರೆ ಬಂದಿತು. ಅದೇ ಹೆಸರಿನ ಹಳೆಯ ದೇವಾಲಯವನ್ನು ಪೋರ್ತುಗೀಸರು ಕಟ್ಟಿದ್ದರು. 1795ರಲ್ಲಿ ಇಂಗ್ಲಿಷರು ಕೊಚ್ಚಿಯನ್ನು ಹಿಡಿದ ಮೇಲೆ ಅದನ್ನು ಕೆಡವಿಬಿಟ್ಟರು. ನೂರು ವರುಷಗಳ ತರುವಾಯ ಎದ್ದ ಹೊಸ ಕಟ್ಟಡಕ್ಕೆ ಚಿತ್ರಗಳು ಬೇಕಾಗಿದ್ದವು. ಈ ಕೆಲಸದಲ್ಲಿ ಮಂಗಳೂರಿನವರೇ ಆದ ಡಿ ಗಾಮ ಎಂಬ ಶಿಷ್ಯರು ಅವರ ಸಂಗಡ ಇದ್ದರು. ಅಲ್ಲಿ ಯೇಸು ಸ್ವಾಮಿಯ ಶ್ರಮೆ ಮರಣಗಳ ಚಿತ್ರಗಳುಂಟು. ಲಿಯೊನಾರ್ದೊ ದ ವಿಂಚಿಯು ಹಿಂದೆ ಮಿಲಾನ್ ಪಟ್ಟಣದಲ್ಲಿ ಬರೆದ ಕರ್ತನ ರಾತ್ರಿಭೋಜನದ ಚಿತ್ರವನ್ನು ಅನುಸರಿಸಿ ಬರೆದದ್ದೂ ಅವುಗಳಲ್ಲಿ ಒಂದು.

ಆ ದೇವಾಲಯದ ಪ್ರತಿಷ್ಠೆಯು 1905ನೆಯ ಇಸವಿ ನವೆಂಬರ್ 19ರಂದು ನಡೆಯಿತು. ಬಂದವರೆಲ್ಲರೂ ತಲೆಯೆತ್ತಿ ಚಿತ್ರಗಳನ್ನು ನೋಡಿದರು. ಬರೆದವರು ಮಾತ್ರ ಅಲ್ಲಿರಲಿಲ್ಲ. ಅದಕ್ಕೆ ಕೆಲವೇ ದಿನಗಳ ಮುಂಚೆ ಮೊಸ್ಕೇನಿಯವರು ಕೊಚ್ಚಿಯಲ್ಲಿಯೇ ತೀರಿಹೋಗಿದ್ದರು. ಅವರಿಗೆ ಐವತ್ತೊಂದು ವರುಷ ಪ್ರಾಯವಾಗಿತ್ತು. ಹಿಂದೂದೇಶದಲ್ಲಿ ಅವರು ಇದ್ದದ್ದು ಏಳೆಂಟು ವರುಷ ಮಾತ್ರ.

ಮಂಗಳೂರಿನ ಚಿತ್ರಗಳು ಸುಮಾರು ತೊಂಭತ್ತು ಮಳೆಗಾಲಗಳನ್ನು ಕಂಡು ಅಲ್ಲಲ್ಲಿ ಮಾಸಿಹೋಗಲಾಗಿ, 1990ರ ದಶಕದ ಆರಂಭದಲ್ಲಿ ಹಳೆಯ ಕೃತಿಗಳನ್ನು ಕಾಪಾಡುವ ಇಂಟಾಕ್ ಸಂಸ್ಥೆಯ ಕೆಲಸಗಾರರು ಅವುಗಳನ್ನು ಶುದ್ಧಿಮಾಡಿ ಸರಿಪಡಿಸಿದರು. ಈಗಲೂ ಎಲ್ಲಾ ಮತಗಳ ಜನರೂ ಹೋಗಿ ಅವುಗಳನ್ನು ನೋಡುತ್ತಾರೆ. ನಮ್ಮ ಸೀಮೆಯವರು ಹಂಪೆಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದಲ್ಲಿ ಮಾಳಿಗೆಯ ಚಿತ್ರಗಳನ್ನು ನೋಡಿರುವರು. ಅವುಗಳನ್ನು ಬರೆದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಮೊಸ್ಕೇನಿಯವರ ಹೆಸರಾದರೂ ಉಳಿಯಿತು. ಆದರೆ ಹೆಸರು ಉಳಿಯಲೆಂದು ಅವರು ಬರೆದದ್ದಲ್ಲ. ಹಾಗಿದ್ದರೆ 1889ರಲ್ಲಿಯೇ ಸ್ವದೇಶದಲ್ಲಿ ನಿಂತುಬಿಡುತ್ತಿದ್ದರು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು

ಮೊದಲನೆಯದು, ಯಾವ ಕಸಬೂ ದೇವರ ಮುಂದೆ ಕೀಳಲ್ಲ. ಚರ್ಮದ ಕೆಲಸ, ನೇಯಿಗೆ, ಗಾರೆಕೆಲಸ, ಕೂಲಿ, ಶೇಂಗಾ ಸುಲಿಯುವದು, ಹಡಗಲಿಯ ತೋಟದಲ್ಲಿ ನಸುಕಿಗೆ ಎದ್ದು ಮಲ್ಲಿಗೆ ಬಿಡಿಸುವದು, ಇವು ನಮ್ಮ ಸಭೆಯವರ ಕೈಯಲ್ಲಿರುವ ಕೆಲಸಗಳು. ಪಾದ್ರಿಯಾಗದೆ ಸಾಮಾನ್ಯ ಸಹೋದರರಾಗಿಯೇ ಇದ್ದ ಮೊಸ್ಕೇನಿಯವರು ತಮ್ಮ ಕೈಯಲ್ಲಿದ್ದ ಕುಂಚವನ್ನೇ ದೇವರಿಗೆ ಕೊಟ್ಟರು. ನಮ್ಮ ಕೈಯಲ್ಲಿ ಏನಿದೆಯೋ ಅದನ್ನೇ ನಾವು ಕೊಡಬಹುದು.

ಎರಡನೆಯದು, ದಿನದ ಕೆಲಸವನ್ನು ಆ ದಿನದಲ್ಲಿಯೇ ನಂಬಿಗಸ್ತಿಕೆಯಿಂದ ಮಾಡುವದು. ಆ ದೊಡ್ಡ ಆಲಯವು ಒಂದೇ ಸಲ ತುಂಬಲಿಲ್ಲ. ಒಂದೊಂದು ದಿನದ ಗಾರೆ ಒಂದೊಂದು ದಿನವೇ ತುಂಬಿತು. ನಮ್ಮ ಆಯುಷ್ಯವೂ ಹಸಿ ಗಾರೆಯ ಹಾಗೆ. ಮಕ್ಕಳಿಗೆ ಕಲಿಸಬೇಕಾದದ್ದು, ನೆರೆಯವನೊಂದಿಗೆ ಆಗಬೇಕಾದ ಸಮಾಧಾನ, ತೀರಿಸಬೇಕಾದ ಸಾಲ, ಇವುಗಳನ್ನು ನಾಳೆಗೆ ಬಿಟ್ಟರೆ ಗಾರೆ ಒಣಗಿಹೋಗುವದು.

ಮೂರನೆಯದು, ಫಲವನ್ನು ಕಾಣದೆ ಹೋದರೂ ಸೇವೆ ವ್ಯರ್ಥವಲ್ಲ. ಕೊಚ್ಚಿಯ ದೇವಾಲಯದ ಬಾಗಿಲು ತೆರೆದ ದಿನ ಮೊಸ್ಕೇನಿಯವರು ಇರಲಿಲ್ಲ. ಹಾಗೆಯೇ ಒಂದು ಊರಿನಲ್ಲಿ ನಾಲ್ಕು ಮನೆಗಳಿಗೆ ಅಕ್ಷರ ಕಲಿಸಿದ ಉಪದೇಶಿಯೂ, ಸಭೆಯ ಕಟ್ಟಡಕ್ಕೆ ಕಲ್ಲು ಹೊತ್ತ ತಾಯಿಯೂ, ಅದರೊಳಗೆ ಮೊಮ್ಮಕ್ಕಳು ಹಾಡುವದನ್ನು ಕೇಳದೆ ಹೋಗಬಹುದು. ಕೇಳುವಾತನು ಒಬ್ಬನಿದ್ದಾನೆ. ಆತನು ನಮ್ಮ ಕೈಗೆ ಕೊಟ್ಟ ಕೆಲಸವನ್ನು ಬೆಳಕು ಇರುವಷ್ಟು ಹೊತ್ತು ಮಾಡುವ ಹಾಗೆ ನಮ್ಮೆಲ್ಲರಿಗೂ ಕೃಪೆಯನ್ನು ಅನುಗ್ರಹಿಸಲಿ.